ಎರಡು ಮೊಗದ ತಂತಿಚೀಟಿ

ವಿಕ್ಟೋರಿಯಾ ರಾಣಿಯ ಕಾಲದ ಭಾರತದಲ್ಲಿ ಪತ್ರಕ್ಕೆ ಅಂಚೆಚೀಟಿಯಿದ್ದಂತೆ ತಂತಿಗೂ ಪ್ರತ್ಯೇಕ ಚೀಟಿಯಿತ್ತು. 1855ರಲ್ಲಿ ತಂತಿಸೇವೆ ಸಾರ್ವಜನಿಕರಿಗೆ ತೆರೆಯಿತು. 1860ರಲ್ಲಿ ಮೊದಲ ತಂತಿಚೀಟಿಗಳು ಬಂದವು. ಇವುಗಳಲ್ಲಿ ಅತ್ಯಂತ ಕುತೂಹಲಕರವಾದವು 1869ರಿಂದ ಹೊರಟ ಉದ್ದನೆಯ ಚೀಟಿಗಳು. ಲಂಡನ್ನಿನ ಡಿ ಲಾ ರೂ ಸಂಸ್ಥೆ ಮುದ್ರಿಸಿದ ಇವುಗಳಲ್ಲಿ ರಾಣಿಯ ಮುಖ ಮೇಲೊಂದು, ಕೆಳಗೊಂದು. ಗುಮಾಸ್ತನು ಚೀಟಿಯನ್ನು ನಡುವೆ ಕತ್ತರಿಸಿ ಮೇಲರ್ಧವನ್ನು ರಸೀದಿಯ ರೂಪದಲ್ಲಿ ಕಳುಹಿಸಿದವರಿಗೆ ಕೊಡುತ್ತಿದ್ದನು. ಕೆಳಗಿನರ್ಧವು ಸಂದೇಶ ಬರೆದ ಕಾಗದದ ಮೇಲೆಯೇ ಉಳಿದು, ಕಾಲಾನಂತರ ಆ ಕಾಗದದೊಡನೆ ನಾಶವಾಗುತ್ತಿತ್ತು. ಆದ್ದರಿಂದ ಇಂದು ಸಂಗ್ರಾಹಕರಿಗೆ ದೊರೆಯುವ ಬಳಸಿದ ಚೀಟಿಗಳು ಬಹುಮಟ್ಟಿಗೆ ಮೇಲರ್ಧಗಳೇ.

ಈ ಮಾಲೆಯ ಬೆಲೆಗಳು ಆಣೆಗಳಿಂದ ಹಿಡಿದು 50 ರೂಪಾಯಿಯವರೆಗೆ ಏರುತ್ತವೆ. ನಡುವೆ 14 ರೂಪಾಯಿ 4 ಆಣೆ, 28 ರೂಪಾಯಿ 8 ಆಣೆ ಎಂಬ ಎರಡು ವಿಚಿತ್ರ ಮೊತ್ತಗಳಿವೆ. ರೂಪಾಯಿಗೆ ಎರಡು ಶಿಲಿಂಗಿನಂತೆ ಲೆಕ್ಕ ಹಾಕಿದರೆ ಎರಡನೆಯದು ಸರಿಯಾಗಿ 2 ಪೌಂಡ್ 17 ಶಿಲಿಂಗ್. 1868ರ ವಿಯೆನ್ನಾ ಸಮ್ಮೇಳನದ ಬಳಿಕ ಭಾರತದಿಂದ ಇಂಗ್ಲೆಂಡಿಗೆ ಇಪ್ಪತ್ತು ಪದಗಳ ತಂತಿಗಿದ್ದ ದರವದು. ಮೊದಲನೆಯದು ಅದರ ಅರ್ಧ. ಅಂದಿನ ಸಿಪಾಯಿಯ ತಿಂಗಳ ಸಂಬಳ 7 ರೂಪಾಯಿ. ಬೆಳಗಾವಿಯ ದಂಡಿನಲ್ಲಿದ್ದ ಆಂಗ್ಲ ಅಧಿಕಾರಿಯೊಬ್ಬನು ತಾಯಿಗೆ ತನ್ನ ಕ್ಷೇಮವನ್ನು ಇಪ್ಪತ್ತು ಮಾತಿನಲ್ಲಿ ತಿಳಿಸಿದನೆಂದರೆ, ಅವನ ಬಾಗಿಲು ಕಾಯುವ ಸಿಪಾಯಿಯ ನಾಲ್ಕು ತಿಂಗಳ ದುಡಿಮೆ ಆ ತಂತಿಯಲ್ಲಿ ಹರಿದುಹೋಯಿತೆಂದೇ ಅರ್ಥ. ಖಾನಾಪುರದ ರೈತನಿಗಂತೂ ಆ ಚೀಟಿ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ. ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬೆಳಗಾವಿಯಿಂದ ಖಾನಾಪುರದ ಮಾರ್ಗವಾಗಿ ಲೋಂಡಾದ ಕಾಡನ್ನು ಹೊಕ್ಕ ಮೇಲೆ ಅವನ ಹೊಲದಂಚಿನಲ್ಲಿಯೂ ತಂತಿಯ ಕಂಬಗಳು ನಿಂತವು, ಅಷ್ಟೆ.

ಹೆಚ್ಚಿನ ಬೆಲೆಯ ಚೀಟಿಗಳು ಮಾರಾಟವಾದದ್ದೇ ಕಡಿಮೆ. ಅವುಗಳಿಗಿಂತ ವಿರಳವಾದವು ಬಣ್ಣದ ಪರೀಕ್ಷಾ ಪ್ರತಿಗಳು. ಯಾವ ಬೆಲೆಗೆ ಯಾವ ವರ್ಣ ಒಪ್ಪುವುದೆಂದು ನಿರ್ಧರಿಸಲು ಮುದ್ರಕರು ಒಂದೇ ಅಚ್ಚನ್ನು ಹಲವು ಬಣ್ಣಗಳಲ್ಲಿ ತೆಗೆದು ನೋಡುತ್ತಿದ್ದರು. ಇದು ಕೇವಲ ಅಂದದ ವಿಚಾರವಾಗಿರಲಿಲ್ಲ. ಗುಮಾಸ್ತನಿಗೆ ಬೆಲೆಗಳ ವ್ಯತ್ಯಾಸ ತಟ್ಟನೆ ತಿಳಿಯಬೇಕು. ರದ್ದತಿಯ ಗುರುತನ್ನು ತೊಳೆದು ಮತ್ತೆ ಬಳಸಲು ಹೊರಟವನ ಕೈಯಲ್ಲಿ ಚೀಟಿಯ ಬಣ್ಣವೇ ಕರಗಬೇಕು. ಇಂತಹ ಕರಗುವ ಶಾಯಿಗೆ ಡಿ ಲಾ ರೂ ಹೆಸರಾಗಿತ್ತು. ಕತ್ತರಿಗೆ ಸಿಗದ ಕಾರಣ ಪರೀಕ್ಷಾ ಪ್ರತಿಗಳಲ್ಲಿ ರಾಣಿಯ ಎರಡು ಮುಖಗಳೂ ಜೊತೆಯಾಗಿ ಉಳಿದಿವೆ. ಯಾರ ಸಂದೇಶವನ್ನೂ ಹೊರದ ಚೀಟಿ ಪೂರ್ಣವಾಗಿ ಉಳಿದು, ಹೊತ್ತದ್ದು ಅರ್ಧವಾದದ್ದು ವಿಚಿತ್ರವೇ ಸರಿ.

ಖಾನಾಪುರ ತಾಲೂಕಿನ ಹಲಸಿ, ಅಂದರೆ ಕದಂಬರ ಪಲಾಸಿಕೆ, ಬೇರೊಂದು ಬಗೆಯ ದಾಖಲೆಗೆ ಪ್ರಸಿದ್ಧ. ಅಲ್ಲಿಯ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿಯಿತ್ತದ್ದು, ಮೃಗೇಶವರ್ಮನು ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿ ಬಿಟ್ಟದ್ದು ಇಂದಿಗೂ ಓದಲು ಸಿಗುತ್ತವೆ. ಕೊಟ್ಟವರಾರು, ಪಡೆದವರಾರು, ಏತಕ್ಕೆ ಎಂಬುದೆಲ್ಲ ಅಲ್ಲಿದೆ. ತಂತಿಚೀಟಿಯ ಮೇಲರ್ಧವಾದರೋ ತೆತ್ತ ಹಣವನ್ನಷ್ಟೇ ಹೇಳುತ್ತದೆ. ಜೆ. ಎಫ್. ಫ್ಲೀಟ್ ಅವರು ಹಲಸಿಯ ಶಾಸನಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ್ದು ಇದೇ ಚೀಟಿಗಳು ಕತ್ತರಿಗೆ ಸಿಗುತ್ತಿದ್ದ 1870ರ ದಶಕದಲ್ಲಿ.