ಪುರದ ಸೌದೆ, ಪುರದ ಸಗಣಿ

ದೇಶದ ಇಂಧನದ ಮಾತು ಬಂದಾಗಲೆಲ್ಲ ಕಲ್ಲಿದ್ದಲು, ಪೆಟ್ರೋಲು, ಅಣೆಕಟ್ಟುಗಳೇ ಕಣ್ಣ ಮುಂದೆ ಬರುತ್ತವೆ. ಸೌದೆ, ಸಗಣಿಗಳನ್ನು ಆಯ್ದು ತಂದವರಿಗೆ ಯಾರೂ ಬಿಲ್ಲು ಕೊಡುವುದಿಲ್ಲ. ಹಾಗಾಗಿ ಲೆಕ್ಕಪತ್ರಗಳಲ್ಲಿ ಅವು ‘ವಾಣಿಜ್ಯೇತರ’ ಎಂಬ ಮೂಲೆ ಸೇರಿದವು.

ಆ ಮೂಲೆ ಎಷ್ಟು ದೊಡ್ಡದೆಂಬುದನ್ನು ತೋರಿಸಿದ ಹಳ್ಳಿಗಳಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ (ಅಸ್ತ್ರ ಒಲೆಯಿಂದ ಮನೆಮಾತಾದದ್ದು ಇದೇ) 1977ರಲ್ಲಿ ಅಲ್ಲಿ ಸಮೀಕ್ಷೆ ನಡೆಸಿತು. ಜನರ, ಎತ್ತುಗಳ ದುಡಿಮೆಯನ್ನೂ ಬಿಡದೆ ಎಣಿಸಲಾಯಿತು. ಸುಮಾರು 350 ಜನರ ಆ ಊರಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ 90 ಸೌದೆಯದು. ತಂತಿ ಊರಿಗೆ ಬಂದಿದ್ದರೂ ವಿದ್ಯುತ್ತಿನ ಪಾಲು ಶೇ 1ರ ಆಸುಪಾಸು. ಸೌದೆಯೆಂದರೆ ಕಡಿದ ಮರವಲ್ಲ, ಹೆಂಗಸರು ಮಕ್ಕಳು ಸೇರಿ ಆಯ್ದು ತಂದ ಪುಳ್ಳೆ.

ಸಗಣಿಯಿಂದ ಅನಿಲ ತೆಗೆದು ಅಡುಗೆಗೆ ಕೊಟ್ಟರೆ ಸೌದೆಯ ಹೊರೆ ಇಳಿಯುತ್ತದೆ ಎಂಬುದು ಮೊದಲ ಯೋಜನೆ. ಅದು ಕೈಗೂಡಲಿಲ್ಲ. ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲದು. ಜನರಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಇದನ್ನು ಮೊದಲೇ ಕೇಳಬಹುದಿತ್ತು. 1987ರಲ್ಲಿ ಅದೇ ಅನಿಲವನ್ನು ಸ್ವಲ್ಪ ಡೀಸೆಲ್ ಜೊತೆ ಎಂಜಿನ್ನಿಗೆ ಹಾಯಿಸಿ, ಕೊಳವೆಬಾವಿಯ ನೀರೆತ್ತಲು, ಮನೆಗಳಿಗೆ ದೀಪ ಉರಿಸಲು ವಿದ್ಯುತ್ ತಯಾರಿಸಲಾಯಿತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರವರ ಪಾಲಿಗೇ ವಾಪಸು. ಸಗಣಿ ನಿಂತರೆ ಎಲ್ಲರ ನಲ್ಲಿಯೂ ನಿಲ್ಲುವುದರಿಂದ ಊರೇ ಊರನ್ನು ಕಾಯಿತು. ಹಂಚಿಕೊಂಡ ಸ್ವತ್ತು ಹಾಳಾಗಿಯೇ ತೀರುತ್ತದೆ ಎಂಬ ವಾದಕ್ಕೆ ರೆಡ್ಡಿಯವರು 1995ರ ಲೇಖನವೊಂದರಲ್ಲಿ ಪುರವನ್ನೇ ಉತ್ತರವಾಗಿ ಮುಂದಿಟ್ಟರು.

ಆದರೆ ಒಲೆ ಮಾತ್ರ ಸೌದೆಯದಾಗಿಯೇ ಉಳಿಯಿತು. ಬೆಳಕು, ನೀರು ಬಂದರೂ ಹೊಗೆ ಹೋಗಲಿಲ್ಲ. ದೇಶದ ಕಥೆಯೂ ಬಹಳ ಬೇರೆಯಲ್ಲ. 2011ರ ಜನಗಣತಿಯಂತೆ ಮೂರರಲ್ಲಿ ಎರಡು ಮನೆಗಳ ಅಡುಗೆ ಸೌದೆ, ಬೆಳೆಯ ಉಳಿಕೆ ಇಲ್ಲವೇ ಬೆರಣಿಯ ಮೇಲೆ. 2016ರ ಉಜ್ವಲ ಯೋಜನೆ ಕೋಟಿಗಟ್ಟಲೆ ಮನೆಗಳಿಗೆ ಅನಿಲದ ಸಂಪರ್ಕ ಕೊಟ್ಟಿತು. ಸಿಲಿಂಡರ್ ಮರುಭರ್ತಿಗೆ ಮಾತ್ರ ದುಡ್ಡು ಬೇಕು, ಪುಳ್ಳೆಗೆ ಬೇಡ. ಹಾಗಾಗಿ ಚಹಾ ಅನಿಲದ ಮೇಲೆ ಕುದಿಯುವ ಎಷ್ಟೋ ಮನೆಗಳ ಹಿತ್ತಿಲಲ್ಲಿ ಸ್ನಾನದ ಹಂಡೆ ಇನ್ನೂ ಸೌದೆಯಲ್ಲೇ ಕಾಯುತ್ತಿದೆ.