ಸಂತೆಗೆ ಬಂದ ಪರದೇಶಿ

ನಮ್ಮ ನಾಡಿಗೆ ಬಂದ ವಿದೇಶೀಯರ ಬರವಣಿಗೆಯಲ್ಲಿ ನನಗೆ ಹೆಚ್ಚು ರುಚಿಸುವುದು ಯುದ್ಧವರ್ಣನೆಯಲ್ಲ, ಅವರು ಬರೆದಿಟ್ಟ ಊಟತಿಂಡಿಯ ಪಟ್ಟಿ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪಾಳೆಯದಲ್ಲೇ ಪೇಟೆ ನೆರೆದಿತ್ತಂತೆ. ಕುರಿ, ಮೇಕೆ, ಕೋಳಿ, ಮೊಲ, ಕೌಜುಗ, ಬಗೆಬಗೆಯ ಅಕ್ಕಿ, ಕಾಳುಕಡಿ ಎಲ್ಲವೂ ಅಲ್ಲಿ ದೊರೆಯುತ್ತಿದ್ದವೆಂದು ಪೋರ್ಚುಗೀಸ್ ಕುದುರೆವ್ಯಾಪಾರಿ ನೂನಿಜ್ ಬರೆಯುತ್ತಾನೆ. ಹೊಟ್ಟೆ ತುಂಬಿದವನ ಬರವಣಿಗೆ ಅದು.

ಅದಕ್ಕೂ ಅರ್ಧ ಶತಮಾನ ಹಿಂದೆ, ರಾಯಚೂರು ಇನ್ನೂ ಬಹಮನಿ ರಾಜ್ಯದಲ್ಲಿದ್ದಾಗ, 1470ರ ಸುಮಾರಿಗೆ ಬೀದರಿನಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿಟಿನ್ನನ ಕಥೆ ಬೇರೆ. ರಾಯಚೂರಿನ ವಜ್ರದ ಬೆಲೆಯನ್ನೂ ಅವನು ಗುರುತು ಹಾಕಿಕೊಂಡಿದ್ದಾನೆ. ಆಳಂದದಲ್ಲಿ ಶೇಖ್ ಅಲಾವುದ್ದೀನರ ಸಮಾಧಿಯ ಬಳಿ ಶರತ್ಕಾಲದಲ್ಲಿ ಹತ್ತು ದಿನ ನೆರೆಯುತ್ತಿದ್ದ ಜಾತ್ರೆ ಅವನ ಕಣ್ಣಿಗೆ ಹಿಂದೂಸ್ತಾನದಲ್ಲೇ ಶ್ರೇಷ್ಠವಾದುದು. 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆನ್ನುತ್ತಾನೆ. ಆದರೆ ಜಾತ್ರೆಯ ಕಾಲವನ್ನು ಅವನು ಹೇಳುವುದು ತನ್ನೂರಿನ ಪೊಕ್ರೊವ್ ಹಬ್ಬವನ್ನು ನೆನೆದು. ಪಾಪ, ಅವನ ಧರ್ಮಗ್ರಂಥಗಳನ್ನು ದಾರಿಯಲ್ಲೇ ದೋಚಿದ್ದರು; ಉಪವಾಸ ಯಾವಾಗ, ಪಾರಣೆ ಯಾವಾಗ ಎಂಬ ಲೆಕ್ಕವೇ ತಪ್ಪಿಹೋಗಿತ್ತು.

ಹಿಂದೂಗಳು ಬಲಗೈಯಿಂದ ಉಣ್ಣುತ್ತಾರೆ, ಚಮಚವನ್ನು ಅರಿಯರು, ಅನ್ನ, ತುಪ್ಪ ಹಾಕಿದ ಕಿಚಡಿ, ಸೊಪ್ಪು ಅವರ ಆಹಾರ ಎಂದು ಬರೆದವನು ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಒಂದು ಮತದವನು ಇನ್ನೊಂದು ಮತದವನೊಡನೆ ಉಣ್ಣುವುದಿಲ್ಲ, ಅನ್ಯಮತದವನು ಗಡಿಗೆಯೊಳಗೆ ಇಣುಕಿದರೆ ಆ ಅನ್ನವನ್ನು ಮುಟ್ಟುವುದಿಲ್ಲ. ದುಡ್ಡು ಕೊಟ್ಟರೆ ಸಂತೆಯಲ್ಲಿ ಯಾರಿಗೂ ಮಾರುತ್ತಿದ್ದ ನಾಡು ಮನೆಯ ಗಡಿಗೆಯನ್ನು ಮುಚ್ಚಿಟ್ಟಿತ್ತು. ಆತಿಥ್ಯವನ್ನು ಬಾಯ್ತುಂಬ ಹೊಗಳಿಕೊಳ್ಳುವ ನಾವು ಈ ಸಾಲನ್ನು ಹಾರಿಸಿ ಓದುವುದು ಸರಿಯಲ್ಲ.

ಮೈಸೂರು ಸೀಮೆಯಿಂದ ರಾಯಚೂರಿಗೆ ಬಂದ ನಾನೂ ಒಂದು ಬಗೆಯ ಪರದೇಶಿಯೇ. ಇಲ್ಲಿ ಸೀಗೆ ಹುಣ್ಣಿಮೆಯ ದಿನ ಮಾನ್ವಿ, ದೇವದುರ್ಗಗಳ ಕಡೆಯ ರೈತರು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಮೊದಲು ಚರಗ ಚೆಲ್ಲಬೇಕು, ಊಟ ಆಮೇಲೆ. ತುಂಗಭದ್ರಾ ಕಾಲುವೆಯ ನೀರು ಬಂದು ಮಾನ್ವಿಯ ಎಷ್ಟೋ ಹೊಲಗಳಲ್ಲಿ ಬತ್ತ ಬೆಳೆಯುತ್ತಿದ್ದರೂ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆಗಳದ್ದೇ ರಾಜ್ಯ. ನಾನು ಬಂದ ಮೊದಲ ವರ್ಷ ಮಾನ್ವಿಯ ದಾರಿಯಲ್ಲಿ ಹೋಗುತ್ತಿದ್ದಾಗ ಬದುವಿನ ಮೇಲೆ ಕುಳಿತಿದ್ದವರು ಕೂಗಿ ಕರೆದು, ಹೆಸರನ್ನೂ ಕೇಳದೆ ರೊಟ್ಟಿಯನ್ನು ಕೈಗಿಟ್ಟರು. ಜಾತಿಯನ್ನು ಕೇಳಲೇ ಇಲ್ಲವೆನ್ನಲಾರೆ. ಅರ್ಧ ರೊಟ್ಟಿ ಮುಗಿದಮೇಲೆ ಕೇಳಿದರು. ಉತ್ತರ ಕೇಳಿದ ಮೇಲೂ ಮುದುಕಿಯೊಬ್ಬಳು ಪಲ್ಯವನ್ನು ಎರಡನೆಯ ಸಲ ಬಡಿಸಿದಳು.