ನನ್ನಿಯೂ ನಂದಿಯೂ

ಕೇರಳದ ರಸ್ತೆಗಳಲ್ಲಿ ಪಂಚಾಯತಿಯ ಗಡಿ ದಾಟುವಾಗ ಬದಿಯ ಫಲಕವೊಂದು ‘ನಂದಿ, ವೀಂಡುಂ ವರಿಕ’ ಎಂದು ಬೀಳ್ಕೊಡುತ್ತದೆ. ಕೊಚ್ಚಿಯ ಬೇಕರಿಯ ಬಿಲ್ಲಿನ ಕೊನೆಯ ಸಾಲಿನಲ್ಲೂ ತಿರುವನಂತಪುರದ ಊಟದ ಹೋಟೆಲಿನ ಬಾಗಿಲ ಮೇಲೂ ಅದೇ ಮಾತು. ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಶಿವನ ಎದುರು ಕೂತ ಬಸವ. ಅವನೇಕೆ ಮತ್ತೆ ಬನ್ನಿ ಎನ್ನುತ್ತಾನೆಂದು ತಬ್ಬಿಬ್ಬಾಗುವಷ್ಟರಲ್ಲಿ ಅರ್ಥ ಹೊಳೆಯುತ್ತದೆ. ಮಲಯಾಳಿಗಳ ನಂದಿ ಎಂದರೆ ಕೃತಜ್ಞತೆ, ಧನ್ಯವಾದ. ಇತ್ತ ಕನ್ನಡದಲ್ಲೂ ಕೆಲವು ವರ್ಷಗಳಿಂದ ಇದರ ದಾಯಾದಿಯೊಂದು ಮೊಬೈಲುಗಳಲ್ಲಿ ಓಡಾಡುತ್ತಿದೆ. ಹಬ್ಬದ ದಿನ ಶುಭಾಶಯ ಕಳಿಸಿದವರಿಗೆ ‘ಧನ್ಯವಾದ’ ಎನ್ನದೆ ‘ನನ್ನಿ’ ಎಂದು ಉತ್ತರಿಸುವ, ಅಚ್ಚಗನ್ನಡದ ಹುರುಪಿನ ಹುಡುಗ ಹುಡುಗಿಯರಿದ್ದಾರೆ. ಹಳಗನ್ನಡ ಓದಿದವರು ಇದನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ನನ್ನಿ ಎಂದರೆ ಸತ್ಯ, ‘ಸತ್ಯ, ನಿಮಗೂ ಹಬ್ಬದ ಶುಭಾಶಯ’ ಎಂದರೆ ಏನು ಅರ್ಥ ಬಂತು, ಎಂಬುದು ಅವರ ತಕರಾರು. ನಿಘಂಟಿನ ಮಟ್ಟಿಗೆ ತಕರಾರು ಸರಿ. ಆದರೆ ಸತ್ಯ ಮತ್ತು ಕೃತಜ್ಞತೆ ಎಂಬ ಎರಡು ಅರ್ಥಗಳ ನಡುವೆ ಅವರು ಕಾಣುವಷ್ಟು ದೂರವಿಲ್ಲ ಎಂದು ನನಗನ್ನಿಸುತ್ತದೆ. ಅದಕ್ಕೆ ಸಾಕ್ಷಿ ಹುಡುಕಲು ಓಣಂ ಊಟದ ಎಲೆಗಿಂತ ಒಳ್ಳೆಯ ಜಾಗವಿಲ್ಲ.

ಮೊದಲು ಪದದ ಜಾತಕ. ಹಳಗನ್ನಡದಲ್ಲಿ ನನ್ನಿಗೆ ಸತ್ಯ ಎಂಬ ಅರ್ಥವಿತ್ತು, ಪ್ರೀತಿ ಎಂಬ ಅರ್ಥವೂ ಇತ್ತು. ಗಂಗರ ಇಮ್ಮಡಿ ಬೂತುಗನಿಗೆ ‘ನನ್ನಿಯ ಗಂಗ’ ಎಂಬ ಬಿರುದು; ಅವನ ವಂಶದವರು ಸಂಸ್ಕೃತದಲ್ಲಿ ‘ಸತ್ಯವಾಕ್ಯ’ ಎಂದು ಕರೆಸಿಕೊಳ್ಳುತ್ತಿದ್ದರು. ತಮಿಳಿನಲ್ಲಿ ಇದೇ ಬುಡದ ಪದ ನನ್ಱಿ, ಮಲಯಾಳದಲ್ಲಿ ನನ್ನಿ ಅಥವಾ ನಂದಿ. ಇಲ್ಲಿ ಭಾಷಾವಿಜ್ಞಾನಿಗಳು ಕೈ ಎತ್ತಬಹುದು, ಎತ್ತಲೂಬೇಕು. ತಮಿಳಿನ ಪನ್ಱಿ ಮಲಯಾಳದಲ್ಲಿ ಪನ್ನಿ, ನಮ್ಮಲ್ಲಿ ಹಂದಿ. ಒನ್ಱು ಅಲ್ಲಿ ಒನ್ನ್, ನಮ್ಮಲ್ಲಿ ಒಂದು. ಈ ಲೆಕ್ಕದಲ್ಲಿ ಮಲಯಾಳಕ್ಕೆ ನನ್ನಿಯೂ ಕನ್ನಡಕ್ಕೆ ನಂದಿಯೂ ಬರಬೇಕಿತ್ತು. ಬಂದದ್ದು ಅದಲುಬದಲಾಗಿ! ಮಲಯಾಳದ್ದನ್ನು ವಿವರಿಸುವುದು ಸುಲಭ. ಆನಂದ ಎಂಬ ಅರ್ಥದ ಸಂಸ್ಕೃತ ನಂದಿ ಪಕ್ಕದಲ್ಲೇ ಇತ್ತು. ಓದಿದವರ ಬರವಣಿಗೆ ನಾಟಿ ನನ್ನಿಗೆ ಆ ಉಡುಪು ತೊಡಿಸಿತು. ಕನ್ನಡದ ನನ್ನಿ ಮಾತ್ರ ನನ್ಱಿಯಿಂದ ನೇರವಾಗಿ ಇಳಿದದ್ದಲ್ಲ, ‘ನಲ್’ ಎಂಬ ಬೇರಿನಿಂದ ತನ್ನದೇ ದಾರಿಯಲ್ಲಿ ಹೊರಟದ್ದು ಎಂದು ಒಪ್ಪಿಕೊಳ್ಳುವುದು ವಾಸಿ. ಹಾಗಾಗಿ ಇವೆರಡೂ ಅವಳಿಗಳಲ್ಲ, ಒಂದೇ ಅಜ್ಜಿಯ ಮೊಮ್ಮಕ್ಕಳು. ಅಜ್ಜಿ ‘ನಲ್’, ಎಂದರೆ ಒಳ್ಳೆಯದು. ನಮ್ಮ ನಲ್ಲ, ನಲ್ಲೆ, ನಲ್ಮೆಗಳು ಅವಳ ಮನೆಯವೇ. ಮಲಯಾಳಿ ‘ನಲ್ಲ ಊಣ್’ ಎಂದು ಊಟ ಮೆಚ್ಚಿದಾಗಲೂ ಮಾತಾಡುವುದು ಅವಳೇ.

ಒಳ್ಳೆಯದು ಎಂಬ ಅರ್ಥದಿಂದ ಒಬ್ಬಳು ಸತ್ಯಕ್ಕೆ, ಇನ್ನೊಬ್ಬಳು ಕೃತಜ್ಞತೆಗೆ ಹೋದದ್ದು ಹೇಗೆ? ಸತ್ಯದ ದಾರಿ ನಮಗೆ ಗೊತ್ತಿರುವುದೇ. ಸಂಸ್ಕೃತದ ‘ಸತ್’ ಎಂದರೆ ಇರುವುದು, ಒಳ್ಳೆಯದು ಎರಡೂ ಹೌದು; ಸತ್ಯ ಹುಟ್ಟಿದ್ದು ಅದರಿಂದ. ಕೃತಜ್ಞತೆಯ ದಾರಿಗೆ ಗುರುತುಗಲ್ಲು ತಮಿಳಿನಲ್ಲಿದೆ. ತಿರುಕ್ಕುರಳಿನ 133 ಅಧಿಕಾರಗಳಲ್ಲಿ ಹನ್ನೊಂದನೆಯದರ ಹೆಸರು ‘ಸೆಯ್ನನ್ಱಿ ಅಱಿದಲ್’, ಮಾಡಿದ ಒಳಿತನ್ನು ಅರಿಯುವುದು. ಅಲ್ಲಿ ನನ್ಱಿ ಎನ್ನುವುದು ಉಪಕಾರ ಪಡೆದವನು ಆಡುವ ಮಾತಲ್ಲ, ಉಪಕಾರಿ ಮಾಡಿದ ಕೆಲಸ. ಪಡೆದವನ ಪಾಲಿನದು ‘ಅರಿಯುವುದು’ ಮಾತ್ರ. ಸಂಸ್ಕೃತದ ಕೃತಜ್ಞ ಕೂಡ ಹಾಗೇ ಕಟ್ಟಿದ ಪದ: ಕೃತವನ್ನು, ಎಂದರೆ ಮಾಡಿದ್ದನ್ನು, ಬಲ್ಲವನು. ಕಾಲ ಕಳೆದಂತೆ ಕೊಟ್ಟವನ ಕೆಲಸದ ಹೆಸರೇ ಪಡೆದವನ ನೆನಪಿಗೂ ಹೆಸರಾಯಿತು, ಆಮೇಲೆ ಆ ನೆನಪನ್ನು ಬಾಯಿಬಿಟ್ಟು ಹೇಳುವ ಮಾತಿಗೂ. ಬೇಕರಿ ಬಿಲ್ಲಿನ ನಂದಿ ಈ ಪಯಣದ ಕೊನೆಯ ನಿಲ್ದಾಣ. ಆಗಿದ್ದನ್ನು ಆಗಿದೆ ಎಂದು ಒಪ್ಪುವುದು ಸತ್ಯ. ಪಡೆದದ್ದನ್ನು ಪಡೆದೆ ಎಂದು ಒಪ್ಪುವುದು ಕೃತಜ್ಞತೆ. ಕೃತಘ್ನನ ಅಪರಾಧವೂ ಕೊನೆಗೆ ಒಂದು ಬಗೆಯ ಸುಳ್ಳೇ ತಾನೇ? ಉಂಡೂ ಉಂಡಿಲ್ಲವೆನ್ನುವ ಸುಳ್ಳು.

ಉಂಡದ್ದನ್ನು ಒಪ್ಪುವ ಮಾತು ಬಂದಾಗ ‘ನನ್ನಿಯ ಗಂಗ’ನ ಕಾಲದ ಕಲ್ಲೊಂದನ್ನು ಬಿಟ್ಟು ಮುಂದೆ ಹೋಗಲಾಗದು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಗೆದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಆ ಯುದ್ಧದಲ್ಲಿ ಮಣಲೇರನೆಂಬ ವೀರನ ಕೆಚ್ಚಿಗೆ ದೊರೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದಿಗೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿ ಎದುರುಬದುರಾಗಿ ಕಚ್ಚಾಡುವ ಕೆತ್ತನೆ ಇನ್ನೂ ಸ್ಪಷ್ಟ. ಶಾಸನದ ಷರತ್ತು ನೋಡಿ: ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆ. ಧನ್ಯವಾದ ಹೇಳು ಎಂದು ಅದು ಎಲ್ಲೂ ಕೇಳುವುದಿಲ್ಲ. ಉಣ್ಣುವ ಮುನ್ನ ಯಾರಿಂದ ಉಣ್ಣುತ್ತಿದ್ದೀಯೋ ಅವರನ್ನು ನೆನೆ ಎನ್ನುತ್ತದೆ, ಅವರು ನಾಯಿಯೇ ಆಗಿದ್ದರೂ. ಮಲಯಾಳಿಗಳ ಬಾಯಲ್ಲಿ ಇದೇ ಷರತ್ತು ‘ಉಂಡ ಚೋರಿನ್ ನಂದಿ’ ಎಂಬ ನುಡಿಗಟ್ಟಾಗಿದೆ, ಉಂಡ ಅನ್ನಕ್ಕೆ ತೋರುವ ನಿಷ್ಠೆ. ಅಲ್ಲಿ ನಂದಿಯನ್ನು ಹೇಳುವುದು ಉಂಟು. ಆದರೆ ಅನ್ನದ ಜೊತೆ ಬಂದಾಗ ಅದನ್ನು ‘ಕಾಣಿಕ್ಕು’ವುದು, ತೋರಿಸುವುದು. ನಮ್ಮ ‘ಉಂಡ ಮನೆಯ ಜಂತೆ ಎಣಿಸಬೇಡ’ ಎನ್ನುವುದೂ ಈ ಜಾತಿಯದೇ.

ಈಗ ಓಣಂ. ತಿರುವೋಣಕ್ಕೆ ಮೊದಲು ಅತ್ತಂ ದಿನ ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದಲ್ಲಿ ಅತ್ತಚ್ಚಮಯದ ಮೆರವಣಿಗೆ, ವಾಮನನ ಗುಡಿಯಿರುವ ತೃಕ್ಕಾಕರದಲ್ಲಿ ಉತ್ಸವ, ಹಬ್ಬದ ವಾರದ ಕೊನೆಗೆ ತಿರುವನಂತಪುರದ ಬೀದಿಗಳಲ್ಲಿ ಸರ್ಕಾರಿ ಸ್ತಬ್ಧಚಿತ್ರಗಳ ಸಾಲು. ಕತೆ ನಮಗೆ ಹೊಸದಲ್ಲ. ಕರಾವಳಿ ದೀಪಾವಳಿಯಲ್ಲಿ ‘ಬಲೀಂದ್ರ, ಕೂ’ ಎಂದು ಕರೆಯುವುದೂ ಕಾಸರಗೋಡಿನ ಕಡೆ ಹಾಲೆಯ ಕೊಂಬೆ ನೆಟ್ಟು ‘ಪೊಲಿಯಂದ್ರ’ನಿಗೆ ದೀಪ ಇಡುವುದೂ ಇದೇ ಮಹಾಬಲಿಗೆ. ಬೇಡ, ಮೋಸಹೋಗುತ್ತೀಯ ಎಂದು ಶುಕ್ರಾಚಾರ್ಯರು ಎಚ್ಚರಿಸಿದರೂ ವಾಮನನಿಗೆ ಕೊಟ್ಟ ಮಾತಿಗೆ ತಲೆಯೊಡ್ಡಿದ ಅರಸ ಅವನು. ಅವನು ಉಳಿಸಿಕೊಂಡದ್ದು ಕನ್ನಡದ ನನ್ನಿ, ಅವನಿಗಾಗಿ ಜನ ಪ್ರತಿವರ್ಷ ಹೂವಿನ ಪೂಕ್ಕಳ ಹಾಕಿ ತೋರಿಸುವುದು ಮಲಯಾಳದ ನಂದಿ. ಒಂದೇ ಬೇರಿನ ಎರಡು ಅರ್ಥ ಒಂದೇ ಕತೆಯಲ್ಲಿ ಮುಖಾಮುಖಿಯಾಗುವುದನ್ನು ನೋಡಬೇಕಾದರೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ತಿಳಿಯದು. ‘ಕಾಣಂ ವಿಟ್ಟುಂ ಓಣಂ ಉಣ್ಣಣಂ’ ಎಂಬ ಗಾದೆಯನ್ನೂ ಗಮನಿಸಿ: ಆಸ್ತಿ ಮಾರಿಯಾದರೂ ಓಣವನ್ನು ಉಣ್ಣಬೇಕಂತೆ. ಹಬ್ಬವನ್ನು ನಾವು ಮಾಡುತ್ತೇವೆ, ಅವರು ಉಣ್ಣುತ್ತಾರೆ.

ಇಷ್ಟಾದರೂ ಆ ಊಟದ ಪಂಕ್ತಿಯಲ್ಲಿ ನಂದಿ ಎಂಬ ಪದ ಕಿವಿಗೆ ಬೀಳುವುದೇ ಅಪರೂಪ. ಎಲೆಯ ಕುಡಿ ಉಣ್ಣುವವರ ಎಡಕ್ಕೆ. ಎಡದ ಮೂಲೆಯಲ್ಲಿ ಉಪ್ಪು, ಬಾಳೆಕಾಯಿ ಉಪ್ಪೇರಿ, ಬೆಲ್ಲ ಮೆತ್ತಿದ ಶರ್ಕರ ವರಟ್ಟಿ. ಪಕ್ಕದಲ್ಲಿ ಇಂಜಿಕ್ಕರಿ, ಮಾವಿನ ಉಪ್ಪಿನಕಾಯಿ. ಆಮೇಲೆ ತೋರನ್, ಓಲನ್, ಅವಿಯಲ್, ಕಾಳನ್, ಎರಿಶ್ಶೇರಿ ಸಾಲುಗಟ್ಟುತ್ತವೆ. ಅನ್ನಕ್ಕೆ ಮೊದಲು ಪರಿಪ್ಪು ಮತ್ತು ತುಪ್ಪ, ಅದರ ಹಿಂದೆ ಸಾಂಬಾರು. ತಿರುವನಂತಪುರದ ಕಡೆಯಾದರೆ ಪಾಯಸದ ಹೊತ್ತಿಗೆ ಹಳದಿ ಬೋಳಿ ಬರುತ್ತದೆ, ನಮ್ಮ ಹೋಳಿಗೆಯ ತೆಂಕಣ ತಂಗಿ. ಅದನ್ನು ಎಲೆಯಲ್ಲೇ ಕಿವುಚಿ ಮೇಲೆ ಹಾಲು ಪಾಯಸ ಸುರಿದುಕೊಳ್ಳುತ್ತಾರೆ. (ಹೋಳಿಗೆಗೆ ಹಾಲು ತುಪ್ಪವೇ ಸರಿಯೆಂದು ಹಟ ಹಿಡಿಯುವ ಕನ್ನಡಿಗರು ಇಲ್ಲಿ ಸ್ವಲ್ಪ ಮೆತ್ತಗಾಗುತ್ತಾರೆಂದು ನನ್ನ ನಂಬಿಕೆ.) ಊಟ ಮುಗಿದ ಮೇಲೆ ಎಲೆಯನ್ನು ತನ್ನ ಕಡೆಗೆ ಮಡಿಸಿದರೆ ತೃಪ್ತಿಯಾಯಿತು ಎಂದು ಅರ್ಥ, ಸಾವಿನ ಮನೆಯ ಊಟದಲ್ಲಿ ಮಡಿಕೆ ಹೊರಕ್ಕೆ. ಬಡಿಸಿದವನಿಗೆ ತಲುಪಬೇಕಾದದ್ದು ಆ ಮಡಿಕೆಯಲ್ಲೇ ತಲುಪುತ್ತದೆ. ಪ್ರತಿ ಸೌಟಿಗೂ ಅವನಿಗೆ ‘ನಂದಿ’ ಎನ್ನುತ್ತ ಕೂತರೆ ಇವರು ಹೊರಗಿನವರು ಎಂದು ಅವನು ನಕ್ಕು ಮುಂದಿನ ಎಲೆಗೆ ಹೋದಾನು.

ಇದನ್ನೇ ಹಿಡಿದು, ನಮ್ಮಲ್ಲಿ ಥ್ಯಾಂಕ್ಸ್ ಹೇಳುವ ಪದ್ಧತಿಯೇ ಇರಲಿಲ್ಲ, ಅದೆಲ್ಲ ಇಂಗ್ಲಿಷಿನವರು ಕಲಿಸಿದ್ದು, ನಂದಿ ನನ್ನಿ ಧನ್ಯವಾದ ಎಲ್ಲವೂ ಅದರ ಅನುವಾದ ಎಂದು ವಾದಿಸುವವರಿದ್ದಾರೆ. ಅರ್ಧ ನಿಜ. ಚಿಲ್ಲರೆ ಕೊಟ್ಟ ಕಂಡಕ್ಟರಿಗೂ ಬಾಗಿಲು ಹಿಡಿದ ಅಪರಿಚಿತನಿಗೂ ಒಂದೇ ಪದ ಒಗೆಯುವ ಅಭ್ಯಾಸ ಹೊಸದು. ಕೇರಳದ ಸಭೆಗಳ ನೋಟೀಸು ತೆಗೆದು ನೋಡಿದರೆ ಈ ಹೊಸ ನಂದಿಯ ಸ್ಥಾನಮಾನ ತಿಳಿಯುತ್ತದೆ: ಸ್ವಾಗತ, ಅಧ್ಯಕ್ಷ, ಉದ್ಘಾಟನೆ, ಉದ್ದಾನುದ್ದ ‘ಆಶಂಸಕಳ್’, ಎಂದರೆ ಹಾರೈಕೆ, ಹೇಳುವವರ ಪಟ್ಟಿ, ಕಟ್ಟಕಡೆಗೆ ‘ನಂದಿ’. ನಮ್ಮ ವಂದನಾರ್ಪಣೆಯಂತೆ ಅದರ ಸರದಿ ಬರುವಾಗ ಕುರ್ಚಿಗಳು ಅರ್ಧ ಖಾಲಿ. ಆದರೆ ಹೊಸದು ಸೂತ್ರವಷ್ಟೇ, ಭಾವ ಹೊಸದಲ್ಲ. ‘ನಿಮ್ಮಿಂದ ದೊಡ್ಡ ಉಪಕಾರವಾಯ್ತು’ ಎನ್ನುವುದೂ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವುದೂ ಉಂಡೆದ್ದ ಮೇಲಿನ ‘ಅನ್ನದಾತಾ ಸುಖೀಭವ’ವೂ ಯಾವ ಇಂಗ್ಲಿಷಿನ ಅನುವಾದ? ನಮ್ಮ ಹಳೆಯ ರೀತಿ ಪಡೆದವನ ಸಂತೋಷ ಹೇಳುವುದಕ್ಕಿಂತ ಕೊಟ್ಟವನಿಗೆ ಒಳಿತು ಹಾರೈಸುವುದರಲ್ಲಿತ್ತು. ಹೀಗೆ ನೋಡಿದರೆ ಹಬ್ಬದ ಹಾರೈಕೆ ಮತ್ತು ಕೃತಜ್ಞತೆ ನಮ್ಮಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸಿದವೇ ಅಲ್ಲ. ‘ಓಣಾಶಂಸಕಳ್’ಗೆ ‘ನಂದಿ’ ಎಂದು ಉತ್ತರ ಹೋಗುವಾಗ ಅವು ಮತ್ತೆ ಜೊತೆಯಾಗುತ್ತವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಉಂಡ ಅನ್ನದ ನಂದಿ ಎಂದು ಹಾಡಿ ಹೊಗಳುತ್ತೀರಲ್ಲ, ಅದು ಆಳನ್ನು ಒಡೆಯನ ಕಾಲಬುಡದಲ್ಲಿ ಕಟ್ಟಿಹಾಕಿದ ಹಗ್ಗವಲ್ಲವೇ, ಎಂಬುದು ಆ ಆಕ್ಷೇಪ. ಕೇರಳದ ಹಳೆಯ ಓಣಂ ಇದಕ್ಕೆ ಸಾಕ್ಷಿ ಹೇಳುತ್ತದೆ. ಗೇಣಿದಾರ ತಾನೇ ಬೆಳೆದ ನೇಂದ್ರಬಾಳೆಯ ಒಳ್ಳೆಯ ಗೊನೆಯನ್ನು ‘ಓಣಕ್ಕಾಳ್ಚ’ ಎಂದು ಜನ್ಮಿಯ, ಎಂದರೆ ಜಮೀನುದಾರನ, ಮನೆಗೆ ಹೊತ್ತೊಯ್ಯಬೇಕು, ಜನ್ಮಿ ಅವನಿಗೆ ಒಂದು ಓಣಪ್ಪುಡವೆ, ಹಬ್ಬದ ಬಟ್ಟೆ, ಕೊಟ್ಟು ಊಟ ಹಾಕಬೇಕು. ದುಡಿದವನು ಯಾರು, ಉಣಬಡಿಸಿದವನು ಯಾರು, ನಂದಿ ಯಾರಿಂದ ಯಾರಿಗೆ ಸಲ್ಲಬೇಕು ಎಂಬ ಲೆಕ್ಕವೇ ಅಲ್ಲಿ ಬುಡಮೇಲು. ಕನ್ನಡ ಇದಕ್ಕೆ ಬೇರೆ ಪದ ಇಟ್ಟುಕೊಂಡಿದೆ: ಹಂಗು. ಋಣವನ್ನು ನೆನೆಯುತ್ತೇವೆ, ಹಂಗನ್ನು ಹರಿದುಕೊಳ್ಳುತ್ತೇವೆ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣಾ ತಿದ್ದುಪಡಿ ಜಾರಿಯಾಗಿ ಗೇಣಿ ಪದ್ಧತಿ ಕೊನೆಗೊಂಡಾಗ ಕಾಳ್ಚಗೊನೆಯ ಹಂಗೂ ಕಳಚಿತು. ಗುರುವಾಯೂರಿನಂಥ ಕಡೆ ಭಕ್ತರು ದೇವರಿಗೆ ಗೊನೆ ಒಪ್ಪಿಸುವ ರೂಢಿಯಾಗಿ ಅದು ಉಳಿದಿದೆ. ನನ್ನಿಯ ಸತ್ಯದ ಅರ್ಥ ಬೇಕಾಗುವುದು ಇಲ್ಲೇ. ಯಾರ ಬೆವರಿನಿಂದ ಅನ್ನ ಬಂತೆಂಬ ಸತ್ಯವನ್ನು ಮುಚ್ಚಿಟ್ಟು ಬೇಡುವ ಕೃತಜ್ಞತೆ ಬರಿಯ ಹಂಗು. ಮಹಾಬಲಿಯ ಕತೆಯಲ್ಲಂತೂ ಮಾತು ಉಳಿಸಿಕೊಂಡು ಎಲ್ಲವನ್ನೂ ಕಳೆದುಕೊಂಡವನು ಕೊಟ್ಟವನೇ. ಅವನು ಪ್ರತಿವರ್ಷ ಓಣಕ್ಕೆ ಬಂದು ಯಾರಿಂದಲೂ ವಿಧೇಯತೆ ಕೇಳುವುದಿಲ್ಲ, ಸುಖವಾಗಿದ್ದೀರಾ ಎಂದು ನೋಡಿ ಹೋಗುತ್ತಾನೆ.

ಆದ್ದರಿಂದ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ಕೊಚ್ಚಿಯ ಇನ್ಫೋಪಾರ್ಕಿನಲ್ಲೋ ಸಹೋದ್ಯೋಗಿಗಳು, ಫ್ಲ್ಯಾಟಿನ ಸಂಘಗಳಲ್ಲಿ ನೆರೆಹೊರೆಯವರು ವಂತಿಗೆ ಹಾಕಿ ‘ಸದ್ಯ’ ಎಂಬ ಈ ಎಲೆಯೂಟ ಬಡಿಸಿಕೊಂಡು ಒಬ್ಬರಿಗೊಬ್ಬರು ‘ನಂದಿ’ ಎಂದರೆ ಅದನ್ನು ಪದದ ಅಧಃಪತನವೆಂದು ನಾನು ಎಣಿಸಲಾರೆ. ಇಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ; ಈ ಸಲ ಬಡಿಸಿದವರು ಮುಂದಿನ ಪಂಕ್ತಿಯಲ್ಲಿ ಉಣ್ಣಲು ಕೂರುತ್ತಾರೆ. ಅಂಥ ಪಂಕ್ತಿಯಲ್ಲಿ ಕೂತ ಕನ್ನಡಿಗರು ಮನೆಗೆ ಬಂದು ತಮ್ಮ ಬಳಗಕ್ಕೆ ‘ನನ್ನಿ’ ಎಂದು ಬರೆದರೆ ಪಕ್ಕದ ಮನೆಯಿಂದ ತಮ್ಮದೇ ಪಾತ್ರೆ ವಾಪಸು ತಂದಂತೆ, ಒಳಗೆ ಒಂದಿಷ್ಟು ಹೊಸ ಪದಾರ್ಥವೂ ಸೇರಿ. ಹಳಗನ್ನಡದವರ ತಕರಾರಿಗೆ ನನ್ನ ಉತ್ತರ ಇಷ್ಟೇ: ಅರ್ಥ ತಪ್ಪಿಲ್ಲ, ಬಳಕೆ ಇನ್ನೂ ಎಳಸು. ಮಲಯಾಳದ ನಂದಿ ಬೀದಿಯಲ್ಲಿ ಬೆಳೆದ ಪದ. ಅದನ್ನು ಹೇಳಬಹುದು, ತೋರಿಸಬಹುದು, ನಾಯಿಗೆ ಉಂಟು ನಿನಗಿಲ್ಲ ಎಂದು ಮಗನಿಗೆ ಬೈಯಬಹುದು. ‘ನಂದಿಕೇಡ್’ ಎಂಬುದು ಅಲ್ಲಿ ಜಗಳಗಳಲ್ಲಿ ಸಲೀಸಾಗಿ ಬರುವ ಮಾತು. ನಮ್ಮ ಹೊಸ ನನ್ನಿಯಾದರೋ ಸದ್ಯಕ್ಕೆ ಶುಭಾಶಯದ ಕೆಳಗೆ ಕೈಮುಗಿದು ನಿಲ್ಲುವುದನ್ನಷ್ಟೇ ಕಲಿತಿದೆ. ಬುದ್ಧಿಗೇಡಿ, ಮಾನಗೇಡಿ, ನಾಚಿಕೆಗೇಡಿಗಳನ್ನು ಹಡೆದ ಭಾಷೆಗೆ ‘ನನ್ನಿಗೇಡಿ’ ಕಷ್ಟವೇನಲ್ಲ. ಉಂಡೆದ್ದು ಹೋದ ಅಳಿಯನಿಗೋ ಗೆದ್ದ ಮೇಲೆ ಊರ ಕಡೆ ತಲೆ ಹಾಕದ ಶಾಸಕನಿಗೋ ಯಾರಾದರೂ ಸಿಟ್ಟಿನಲ್ಲಿ, ಯೋಚಿಸದೆ, ಹಾಗೆಂದು ಬಿಟ್ಟ ದಿನ ಆ ಹುಡುಗ ಹುಡುಗಿಯರ ಪದ ನಿಘಂಟಿನವರ ಅಪ್ಪಣೆಗೆ ಕಾಯಬೇಕಾಗಿಲ್ಲ.